ತಪಾಸಣೆಗೆಂದು ಬರೆದ ಲೇಬಲ್ಲುಗಳು

ದೇವರು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿರುತ್ತಾನೆ ಎನ್ನುತ್ತಾರೆ. ಕೆಲವರಿಗೆ ಕಂಠ, ಕೆಲವರಿಗೆ ಕೈಗುಣ, ಇನ್ನು ಕೆಲವರಿಗೆ ಎಲ್ಲಿ ಕೂತರೂ ನಿದ್ದೆ ಬರುವ ಯೋಗ. ನನಗೆ ಅವನು ಕೊಟ್ಟದ್ದು ಅಕ್ಷರ. ವಿದ್ಯೆ ಎಂಬ ಅರ್ಥದಲ್ಲಲ್ಲ. ಅದನ್ನು ಹಂಚುವಾಗ ನನ್ನ ಸರದಿ ಬರುವಷ್ಟರಲ್ಲಿ ಮುಗಿದಿತ್ತೆಂದು ಕಾಣುತ್ತದೆ. ನಾನು ಹೇಳುತ್ತಿರುವುದು ಕೈಬರಹ. ಗಣಿತದಲ್ಲಿ ನಾನು ತಪ್ಪು ಮಾಡಿದರೂ ಮೇಷ್ಟ್ರು ಆ ಪುಟವನ್ನು ಎತ್ತಿ ಹಿಡಿದು, "ನೋಡ್ರೋ, ತಪ್ಪು ಮಾಡಿದ್ರೂ ಹೀಗೆ ಮಾಡ್ಬೇಕು" ಎಂದು ತರಗತಿಗೆಲ್ಲ ತೋರಿಸುತ್ತಿದ್ದರು. ಆ ಮಾತನ್ನು ನಾನು ಹೊಗಳಿಕೆ ಎಂದು ತಿಳಿದೆ. ಅದು ಎಚ್ಚರಿಕೆ ಎಂದು ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು, ಜೊತೆಗೆ ಒಬ್ಬ ಮುದುಕಿಯ ಜೀವ ಹೋಗುವುದರಲ್ಲಿತ್ತು.

ನಾನು ಆಗ ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಕಡೆಯ ಒಂದು ಊರಿನಲ್ಲಿ ಸರ್ಕಾರಿ ಔಷಧಾಲಯದ ಕಾಂಪೌಂಡರ್ ಆಗಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿ ಈಗಲೂ ಜನ ಔಷಧಿ ಕುಡಿಯುತ್ತಿದ್ದಾರೆ, ಸುಮ್ಮನೆ ಯಾಕೆ ಅವರ ನಂಬಿಕೆ ಕೆಡಿಸುವುದು? ಐವತ್ತಾರರಲ್ಲಿ ನಮ್ಮ ತಾಲ್ಲೂಕು ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿತಲ್ಲ, ಅದಾಗಿ ಎರಡು ಮೂರು ವರ್ಷ ಕಳೆದಿತ್ತು. ಜನ ಸೇರಿಬಿಟ್ಟಿದ್ದರು, ಕಾಗದಪತ್ರಗಳು ಇನ್ನೂ ಸೇರುತ್ತಲೇ ಇದ್ದವು. ನಮ್ಮ ಸೀಸೆಗಳ ಮೇಲಿನ ಚೀಟಿಗಳು ಅರ್ಧ ಇಂಗ್ಲಿಷು, ಅರ್ಧ ತಮಿಳು. ವಿಷದ ಔಷಧಗಳಿಗೆ ಗೀರುಗೀರಾದ ನೀಲಿ ಸೀಸೆ ಇರಬೇಕು, ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗಬೇಕು ಎಂಬುದು ನಿಯಮ. ನಮ್ಮ ನೀಲಿ ಸೀಸೆಗಳು ಒಡೆದುಹೋಗಿದ್ದವು. ಹೊಸದಕ್ಕೆ ಆಗಿನ ನಮ್ಮ ಜಿಲ್ಲಾ ಕೇಂದ್ರವಾದ ಕೊಯಮತ್ತೂರಿಗೆ ಬರೆದಿದ್ದೆವು. ಅಲ್ಲಿಂದ ಉತ್ತರ ಬರುವಷ್ಟರಲ್ಲಿ ನಾವೇ ಮೈಸೂರಿಗೆ ಬಂದುಬಿಟ್ಟಿದ್ದೆವು. ಹೀಗಾಗಿ ಸಾಧುವಾದ ಔಷಧವೂ ಕ್ರೂರವಾದ ಔಷಧವೂ ಒಂದೇ ಬಗೆಯ ಸೀಸೆಗಳಲ್ಲಿ ಅಕ್ಕಪಕ್ಕದ ಮನೆಯವರಂತೆ ವಾಸವಾಗಿದ್ದವು. ಆದರೆ ಒಂದು ಮಾತು ಹೇಳಬೇಕು: ಆ ಕೊಳಕು ಚೀಟಿಗಳ ಕಾಲದಲ್ಲಿ ನನ್ನ ಕೈಯಿಂದ ಒಂದು ತಪ್ಪೂ ಆಗಿರಲಿಲ್ಲ. ಯಾಕೆಂದರೆ ನಾನು ಚೀಟಿ ಓದುತ್ತಲೇ ಇರಲಿಲ್ಲ. ಕೆಮ್ಮಿನ ಔಷಧ ಮೇಲಿನ ಸಾಲಿನ ಎಡಮೂಲೆ, ಕೀಲುನೋವಿಗೆ ಹಚ್ಚುವ ಲೇಪ ಕೆಳಗಿನ ಸಾಲಿನ ಬಲಮೂಲೆ. ಕೈಗೆ ದಾರಿ ಗೊತ್ತಿತ್ತು.

ನಮ್ಮ ಡಾಕ್ಟರ್ ಶ್ರೀಕಂಠಯ್ಯನವರು ಮೈಸೂರಿನ ಕಡೆಯವರು, ಮಿತಭಾಷಿ. ರೋಗಿಗಳು ಅರ್ಧ ಗಂಟೆ ಹೇಳಿಕೊಂಡದ್ದಕ್ಕೆಲ್ಲ ಒಂದು "ಹ್ಞೂಂ" ಅನ್ನುವರು. ಆ ಹ್ಞೂಂ ಕೇಳುವುದಕ್ಕೇ ಐದಾರು ಮೈಲಿಯಿಂದ ಜನ ನಡೆದು ಬರುತ್ತಿದ್ದರು. ಒಂದು ದಿನ ಅವರು ಒಂದು ಕಾಗದ ನನ್ನ ಮುಂದಿಟ್ಟು, "ನೋಡ್ರೀ ರಂಗಸ್ವಾಮಿ, ಮುಂದಿನ ವಾರ ತಪಾಸಣೆಗೆ ಬರ್ತಾರಂತೆ. ಶುಚಿತ್ವ, ಸುರಕ್ಷತೆ, ಎಲ್ಲ ನೋಡ್ತಾರಂತೆ. ಇದ್ದದ್ದು ಇದ್ದ ಹಾಗೆ ಇರಲಿ. ಸ್ವಲ್ಪ ಗುಡಿಸಿ ಸಾಕು" ಎಂದರು.

ಇದ್ದದ್ದು ಇದ್ದ ಹಾಗೆ ಇರಲಿ ಎಂದರೆ ಇರಿಸುವ ಜಾಯಮಾನ ನನ್ನದಲ್ಲ. ಮೈಸೂರಿನಿಂದ ಬರುವ ಮೊದಲ ಸಾಹೇಬರು. ಅವರು ಬಂದು ತಮಿಳು ಚೀಟಿ ನೋಡಿದರೆ ನಮ್ಮ ಮರ್ಯಾದೆ ಏನಾಗಬೇಡ? ಎಲ್ಲ ಸೀಸೆಗಳಿಗೂ ಕನ್ನಡದಲ್ಲಿ ಹೊಸ ಲೇಬಲ್ ಬರೆಯುವುದೆಂದು ನಾನೊಬ್ಬನೇ ಸಭೆ ಸೇರಿ ನಿರ್ಣಯ ಮಾಡಿದೆ. ಜೊತೆಗೆ ಇನ್ನೊಂದು ನಿರ್ಣಯವನ್ನೂ ಮಾಡಿದೆ. ಸೀಸೆಗಳನ್ನು ಎಲ್ಲೆಂದರಲ್ಲಿ ಇಡದೆ ನಿಘಂಟಿನಲ್ಲಿ ಇರುವ ಹಾಗೆ ಅಕಾರಾದಿಯಾಗಿ ಜೋಡಿಸುವುದು! ಇದು ಹೊಳೆದಾಗ ನನಗೇ ರೋಮಾಂಚನವಾಯಿತು. ಇಂಥ ತಲೆ ಇಟ್ಟುಕೊಂಡು ಈ ಊರಿನಲ್ಲಿ ಕಷಾಯ ಅಳೆಯುತ್ತಿದ್ದೇನಲ್ಲ ಎಂದು ಸ್ವಲ್ಪ ದುಃಖವೂ ಆಯಿತು.

ಕಪ್ಪು ಮಸಿ, ಕೆಂಪು ಮಸಿ, ದಪ್ಪ ಮೊನೆಯ ಲೇಖನಿ ತಂದೆ. ಮೂರು ದಿನ ಬರೆದೆ. 'ಅಜೀರ್ಣದ ಔಷಧ' ಎಂಬುದರಲ್ಲಿ ಅಕಾರದ ಸುಳಿ ಎಂಥ ತಿರುವು ಪಡೆದಿತ್ತೆಂದರೆ ನೋಡಿದವರಿಗೆ ಅಜೀರ್ಣ ಮಾಡಿಕೊಳ್ಳಬೇಕು ಅನ್ನಿಸುವಂತಿತ್ತು. ಮೈದಾ ಹಿಟ್ಟಿನ ಅಂಟು ಕಾಯಿಸಿದೆ. ಸೀಸೆಗಳನ್ನು ಬಾನಿಯ ನೀರಿನಲ್ಲಿ ಎಂಟೆಂಟರಂತೆ ನೆನೆಹಾಕಿ ಹಳೆಯ ಚೀಟಿ ಕೆರೆದೆ. ಯಾವುದು ಯಾವುದೆಂದು ಮರೆಯದಂತೆ ಕೊರಳಿಗೆ ದಾರದಲ್ಲಿ ಸಣ್ಣ ಕಾಗದ ಕಟ್ಟಿದ್ದೆ. ಒಂದು ಕಂತಿನಲ್ಲಿ ಎರಡು ಸೀಸೆಗಳ ಕಾಗದ ನೀರಿಗೆ ಬಿದ್ದು ಮಸಿ ಹರಡಿಹೋಯಿತು. ಅಕಾರಾದಿಯಲ್ಲಿ ಅಕ್ಕಪಕ್ಕ ಬರುವ ಎರಡು ಸೀಸೆಗಳೇ ಅವು, 'ಕೀ'ಯಲ್ಲಿ ಬರುವ ಕೀಲುನೋವಿನ ಲೇಪ, 'ಕೆ'ಯಲ್ಲಿ ಬರುವ ಕೆಮ್ಮಿನ ಔಷಧ. ಎರಡೂ ಕಂದು ಬಣ್ಣ, ಎರಡೂ ಹೆಚ್ಚುಕಡಿಮೆ ಒಂದೇ ಮಂದ. ಬಿರಡೆ ತೆಗೆದು ಮೂಸಿ ನೋಡಿದೆ. ಆದರೆ ಆ ಹೊತ್ತಿಗೆ ನಾನು ನೆಲ, ಗೋಡೆ, ಬೆಂಚು, ಕಡೆಗೆ ಹೊರಗಿನ ಕಲ್ಲುಚಪ್ಪಡಿಯನ್ನೂ ಫಿನಾಯಿಲಿನಲ್ಲಿ ತೊಳೆದಿದ್ದೆ. ಏನನ್ನು ಮೂಸಿದರೂ ಫಿನಾಯಿಲು. ನನ್ನ ಅಂಗಿಯೂ ಫಿನಾಯಿಲು, ಮನೆಯಲ್ಲಿ ತಿಂದ ಮುದ್ದೆಯೂ ಫಿನಾಯಿಲು. 'ಇದೇ ಇರಬೇಕು' ಎಂದುಕೊಂಡು ಅಂಟಿಸಿಬಿಟ್ಟೆ. ಈ ವಿಷಯದಲ್ಲಿ ನನ್ನ ಹೆಂಡತಿಯನ್ನು ಹೊಣೆ ಮಾಡಲು ಮುಂದೆ ಹಲವು ಸಲ ಪ್ರಯತ್ನಪಟ್ಟಿದ್ದೇನೆ. ಏನು ಮಾಡಲಿ, ಆ ವಾರವೆಲ್ಲ ಅವಳು ಯಳಂದೂರಿನ ತವರಿನಲ್ಲಿದ್ದಳು.

ತಪಾಸಣೆಯ ದಿನ ಸಾಹೇಬರು ಹತ್ತು ಗಂಟೆಗೆ ಜೀಪಿನಲ್ಲಿ ಇಳಿದರು. ಎತ್ತರದ ಆಳು, ಕೋಟು, ಕನ್ನಡಕ. ಬಂದವರೇ ಮಾತಾಡದೆ ಬೀರುವಿನ ನೆತ್ತಿಯ ಮೇಲೆ ಬೆರಳು ಎಳೆದು ನೋಡಿದರು. ನಾನು ಅಲ್ಲಿಗೂ ಏರಿ ಒರೆಸಿದ್ದೆ. ಬಾವಿ ನೋಡಿದರು, ಪಾಯಖಾನೆ ನೋಡಿದರು, ಸೂಜಿ ಕುದಿಸುವ ಪಾತ್ರೆಯ ಮುಚ್ಚಳ ತೆಗೆದು ಒಳಗೆ ಇಣುಕಿದರು. ಯಾವುದಕ್ಕೂ ಒಳ್ಳೆಯದು ಅನ್ನಲಿಲ್ಲ, ಕೆಟ್ಟದ್ದು ಅನ್ನಲೂ ಇಲ್ಲ. ಆಮೇಲೆ ಔಷಧದ ಕಪಾಟಿನ ಮುಂದೆ ಬಂದರು. ಬಂದವರು ನಿಂತೇಬಿಟ್ಟರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದನ್ನ ಬರೆದೋರು ಯಾರು?"

ಡಾಕ್ಟರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ವಿನಯದಿಂದ ನೆಲ ನೋಡುವುದನ್ನು ನಾನು ಹಿಂದಿನ ದಿನವೇ ಅಭ್ಯಾಸ ಮಾಡಿಕೊಂಡಿದ್ದೆ.

"ನನ್ನ ಇಪ್ಪತ್ತೈದು ವರ್ಷದ ಸರ್ವೀಸಿನಲ್ಲಿ ಇಂಥದ್ದು ನೋಡಿಲ್ಲ. ಅಕಾರಾದಿ ಬೇರೆ! ಕಣ್ಣು ಮುಚ್ಚಿಕೊಂಡು ಔಷಧ ಕೊಡಬಹುದಲ್ಲ!" ಎಂದರು ಸಾಹೇಬರು.

ಅವರ ಮಾತು ಅಕ್ಷರಶಃ ನಡೆಯಿತು. ಹೊರಗೆ ಇಬ್ಬರು ರೋಗಿಗಳು ಕಾದಿದ್ದರು. ಉಳಿದವರನ್ನು ನಾನೇ 'ಇವತ್ತು ಸಾಹೇಬ್ರು ಬರ್ತಾರೆ, ಗಲೀಜಾಗ್ತದೆ, ನಾಳೆ ಬನ್ನಿ' ಎಂದು ಸಾಗಹಾಕಿದ್ದೆ. ಒಬ್ಬರು ನಮ್ಮೂರಿನವರೇ, ಬೆಲ್ಲದ ವ್ಯಾಪಾರದ ಮಹದೇವಪ್ಪನವರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಮಂಡಿ ನೋವು. ಇನ್ನೊಬ್ಬಳು ಮೂರು ಮೈಲಿ ಆಚೆಯ ಮಧುವನಹಳ್ಳಿಯ ಸಿದ್ದಮ್ಮ, ಅರವತ್ತು ದಾಟಿದ ಹೆಂಗಸು, ಹದಿನೈದು ದಿನದಿಂದ ಕೆಮ್ಮು. ಡಾಕ್ಟರು ಇಬ್ಬರನ್ನೂ ನೋಡಿ, ಹ್ಞೂಂ ಎಂದು, ಚೀಟಿ ಬರೆದು ಕಳಿಸಿದರು. ಸಾಹೇಬರು ನನ್ನ ಪಕ್ಕದಲ್ಲೇ ನಿಂತು, "ಎಲ್ಲಿ, ಕೊಡಿ ನೋಡೋಣ" ಎಂದರು. ನಾನು ಸಂಗೀತಗಾರನ ಗತ್ತಿನಲ್ಲಿ ಕೈ ಎತ್ತಿ, ಕೀ ಎಂಬಲ್ಲಿ ಒಂದು, ಕೆ ಎಂಬಲ್ಲಿ ಒಂದು ಸೀಸೆ ತೆಗೆದು, ಅವರವರು ತಂದಿದ್ದ ಬಾಟ್ಲಿಗಳಿಗೆ ಅಳೆದು ಹೊಯ್ದೆ. ಅವುಗಳಿಗೂ ಒಂದೊಂದು ಚೆಂದದ ಲೇಬಲ್ ಅಂಟಿಸಿದೆ. ಸಾಹೇಬರು ಸಿದ್ದಮ್ಮನ ಬಾಟ್ಲಿಯನ್ನು ಬೆಳಕಿಗೆ ಹಿಡಿದು, "ಕೆಮ್ಮಿನ ಔಷಧ. ದಿನಕ್ಕೆ ಮೂರು ವೇಳೆ, ಊಟವಾದ ಮೇಲೆ. ಆಹಾ!" ಎಂದು ಓದಿ, ತಮ್ಮ ಕೈಯಾರೆ ಅವಳ ಕೈಗೆ ಕೊಟ್ಟರು. ಅವಳು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಹೊರಟಳು. ಸಾಹೇಬರು ತಪಾಸಣೆಯ ಪುಸ್ತಕದಲ್ಲಿ ಒಂದು ಪುಟ ಬರೆದು, ಎಳನೀರು ಕುಡಿದು, ಹನ್ನೆರಡಕ್ಕೆ ಮುಂಚೆಯೇ ಹೊರಟುಹೋದರು.

ನಾನು ಮಧ್ಯಾಹ್ನ ಊಟ ಮಾಡಿ ಬಂದು, ಕಪಾಟಿಗೆ ಎದುರಾಗಿ ಕುರ್ಚಿ ಹಾಕಿಕೊಂಡು, ನನ್ನ ಅಕ್ಷರವನ್ನು ನಾನೇ ನೋಡುತ್ತ ಕುಳಿತಿದ್ದೆ. ಸುಮಾರು ಎರಡೂವರೆ ಇರಬೇಕು. ಮಹದೇವಪ್ಪನವರು ಪಂಚೆಯನ್ನು ತೊಡೆಯವರೆಗೂ ಎತ್ತಿ ಹಿಡಿದು, ಒಂದು ಕಾಲಿನ ಮೇಲೆ ಕುಪ್ಪಳಿಸುತ್ತ ಒಳಗೆ ಬಂದರು. ಮಂಡಿಯ ಸುತ್ತ ಕೆಂಪಿರುವೆ, ಸಾಲುಸಾಲಾಗಿ.

"ಏನ್ರೀ ಕಾಂಪೌಂಡ್ರು, ನೀವ್ ಕೊಟ್ಟಿರದು ನೋವ್ಗೋ, ಇರುವ್ಗೋ? ಬೆಲ್ಲದ್ ಅಂಗ್ಡೀಲಿ ನಲ್ವತ್ತು ವರ್ಸದಿಂದ ಕೂತಿವ್ನಿ, ಒಂದ್ ದಿನ ಇರುವೆ ನನ್ ಮ್ಯಾಕ್ ಅತ್ತಿರ್ನಿಲ್ಲ. ಬೆಲ್ಲ ಬುಟ್ಟು ನನ್ನೇ ಮುತ್ಕಂಡವೆ!"

ನಾನು ನಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮಂಡಿಗೆ ಬೆರಳು ಒತ್ತಿ ನಾಲಿಗೆಗೆ ಮುಟ್ಟಿಸಿ, "ಸೀ ಐತೆ ಕಣ್ರಿ" ಎಂದರು. ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಕೀಲುನೋವಿನ ಸೀಸೆಯಲ್ಲಿ ಕೆಮ್ಮಿನ ಔಷಧ ಇದ್ದರೆ ಕೆಮ್ಮಿನ ಸೀಸೆಯಲ್ಲಿ ಏನಿದೆ ಎಂದು ಲೆಕ್ಕ ಹಾಕಲು ಗಣಿತದಲ್ಲಿ ಪಾಸಾಗಿರಬೇಕಾಗಿಲ್ಲ. ಆ ಲೇಪ ಮೈಗೆ ಹಚ್ಚಿದರೆ ಮದ್ದು, ಒಂದು ಔನ್ಸು ಹೊಟ್ಟೆಗೆ ಹೋದರೆ ಎದೆಬಡಿತವನ್ನೇ ನಿಲ್ಲಿಸುವ ವಿಷ. 'ಊಟವಾದ ಮೇಲೆ' ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ಹಳ್ಳಿಯಲ್ಲಿ ಊಟದ ಹೊತ್ತು ಆಗಲೇ ಕಳೆದಿತ್ತು.

ಡಾಕ್ಟರ ಮನೆ ಹಿಂದುಗಡೆಯೇ. ನಾನು ಹೋಗಿ ಏನು ಹೇಳಿದೆನೋ ನೆನಪಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು. "ಸೈಕಲ್ ತೆಗೀರಿ" ಎಂದಷ್ಟೇ ಹೇಳಿ, ಒಳಗೆ ಹೋಗಿ ಹೊಟ್ಟೆ ತೊಳೆಯುವ ರಬ್ಬರ್ ನಳಿಗೆ, ಆಲಿಕೆ, ಸೂಜಿಯ ಡಬ್ಬಿ ಚೀಲಕ್ಕೆ ತುಂಬಿಕೊಂಡು ಬಂದು ಕ್ಯಾರಿಯರ್ ಮೇಲೆ ಕುಳಿತರು. ಹೊರಡುವ ಮುನ್ನ ಕೀಲುನೋವು ಎಂದು ಬರೆದಿದ್ದ ಸೀಸೆಯನ್ನು ತಾವೇ ಮೂಸಿ, ಒಂದು ಹನಿ ರುಚಿ ನೋಡಿ, ಸಣ್ಣ ಬಾಟ್ಲಿಗೆ ಅದನ್ನೂ ತುಂಬಿಕೊಂಡರು.

ಮೂರು ಮೈಲಿ. ದಾರಿಯ ಎರಡೂ ಕಡೆ ಹಿಪ್ಪುನೇರಳೆ ತೋಟ, ನೆತ್ತಿ ಸುಡುವ ಬಿಸಿಲು. ಎದುರು ಬರುವ ಗಾಡಿಯವರೆಲ್ಲ ಡಾಕ್ಟರು ಕ್ಯಾರಿಯರ್ ಮೇಲೆ ನಳಿಗೆ ಹಿಡಿದು ಕೂತು ಹೋಗುವುದನ್ನು ಕಂಡು ಎತ್ತು ನಿಲ್ಲಿಸಿ ಕೈ ಮುಗಿಯುತ್ತಿದ್ದರು. ಡಾಕ್ಟರು ನಳಿಗೆಯ ಸಮೇತ ಕೈ ಎತ್ತಿ ಮರ್ಯಾದೆ ಹಿಂದಿರುಗಿಸುತ್ತಿದ್ದರು. ನಾನು ತುಳಿಯುತ್ತ ತುಳಿಯುತ್ತ ಮನಸ್ಸಿನಲ್ಲೇ ದೇವರಿಗೆ ಹರಕೆ ಹೊರುತ್ತಿದ್ದೆ. ಆ ಹೊತ್ತಿನಲ್ಲೂ ನನ್ನ ಬುದ್ಧಿ ಎಂಥದು ನೋಡಿ: 'ಸಿದ್ದಮ್ಮನನ್ನು ಉಳಿಸು' ಎಂದು ಒಂದು ಸಲ ಬೇಡಿದರೆ 'ಕೆಲಸ ಉಳಿಸು' ಎಂದು ಎರಡು ಸಲ ಬೇಡುತ್ತಿದ್ದೆ.

ಅರ್ಧ ದಾರಿಯಲ್ಲಿ ಡಾಕ್ಟರು ಬಾಯಿಬಿಟ್ಟರು. "ಎಷ್ಟು ಹೊತ್ತಿಗೆ ಹೊರಟ್ಲು ರೀ ಆಕೆ?"

"ಹನ್ನೊಂದಕ್ಕೆ ಸಾರ್."

"ಕೆಮ್ಮಿಕೊಂಡು, ಕೂತು ಎದ್ದು ನಡೀಬೇಕು. ಒಂದು ಗಂಟೆಗೆ ಮನೆ ಸೇರಿರ್ತಾಳೆ." ಆಮೇಲೆ ಊರು ಬರುವವರೆಗೂ ನನ್ನ ಬೆನ್ನಿಗೆ ಅವರ ಉಸಿರು ತಾಗುತ್ತಿತ್ತು. ಅದು ಒಂದೇ ಸಮನಾಗಿರಲಿಲ್ಲ.

ಸಿದ್ದಮ್ಮನ ಮನೆ ಊರ ತಲೆಯಲ್ಲೇ. ಬಾಗಿಲು ಮುಚ್ಚಿತ್ತು. ಹೊರಗೆ ಯಾರೂ ಇರಲಿಲ್ಲ. ಹಗಲುಹೊತ್ತು ಬಾಗಿಲು ಮುಚ್ಚಿದ ಮನೆ ಎಂದರೆ ನನಗೆ ಅರ್ಥವಾಗಿಹೋಯಿತು. ಸೈಕಲ್ಲನ್ನು ಅಲ್ಲೇ ಬೀಳಿಸಿ, "ಸಿದ್ದಮ್ಮಾ!" ಎಂದು ಕೂಗಿದೆ. ಉತ್ತರವಿಲ್ಲ. ಇನ್ನೊಂದು ಸಲ ಕೂಗಿದೆ. ಬಾಗಿಲು ಒಂದು ಗೇಣು ತೆರೆಯಿತು. ಸಿದ್ದಮ್ಮನೇ. ಕೈಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಕಂತೆ.

"ಅಲ್ಲೇ ನಿಂತ್ಕಳಿ! ಒಳೀಕ್ ಬರ್ಬ್ಯಾಡಿ. ಜರ ಬುಟ್ಟು ಈಗ್ತಾನೆ ಎದ್ದವೆ!"

ಡಾಕ್ಟರು ಚೀಲ ಹಿಡಿದು ಮುಂದಕ್ಕೆ ನುಗ್ಗಿದರು. "ಯಾರಿಗಮ್ಮಾ ಜ್ವರ? ಎಷ್ಟು ಜನ ಕುಡಿದ್ರಿ?"

"ಉಳಕ್ಕೆ ಕಣ ಸಾ, ರೇಸ್ಮೆ ಉಳಕ್ಕೆ. ನಾಕ್ನೇ ಜರ ಕಳ್ಕಂಡು ಸೊಪ್ ತಿಂತಾವೆ. ನಿಮ್ ಮೈಯೆಲ್ಲ ಅದೇನ್ ಗಬ್ ನಾತ! ಆಚ್ಗೋಗಿ, ಆಚ್ಗೋಗಿ."

ಹುಳು ಪೊರೆ ಬಿಡುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ಆಗ ಅವಕ್ಕೆ ಕಟುವಾದ ವಾಸನೆ ಆಗದು, ಹಗಲಲ್ಲೂ ಬಾಗಿಲು ಮುಚ್ಚಿಡುತ್ತಾರೆ. ಮೈಸೂರಿನ ಡಾಕ್ಟರಿಗೆ ಅದು ಹೇಗೆ ಗೊತ್ತಾಗಬೇಕು? ಅವರು ನಳಿಗೆ ಹಿಡಿದ ಕೈಯನ್ನು ಕೆಳಗಿಳಿಸಿ, ಅಂಗಳದಲ್ಲಿ ನಿಂತು, "ನೀನು ಔಷಧ ಕುಡಿದ್ಯಾ?" ಎಂದು ಕೇಳಿದರು.

ಸಿದ್ದಮ್ಮ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. "ಎಲ್ ಕುಡಿಯದು ಸಾ? ಉಂಡು ಕೈ ತೊಳ್ಕಂಡು ಬಿರಡೆ ತಗ್ದೆ. ಗಾಟು ಅಂದ್ರೆ ಗಾಟು! ಉಳ ಎಲ್ಲ ಸೊಪ್ ತಿನ್ನದ್ ಬುಟ್ಟು ತಲೆ ಎತ್ಬುಟ್ವು. ನನ್ಗೆ ಜೀವ ಓದಂಗಾಯ್ತು. ಎದ್ನೋ ಬಿದ್ನೋ ಅಂತ ಆಚ್ಗೆ ತಕ್ಕೋಗಿ ಅಗೋ ಅಲ್ ನೇತಾಕಿವ್ನಿ" ಎಂದು ಅಂಗಳದ ನುಗ್ಗೆಮರ ತೋರಿಸಿದಳು. ಕೊಂಬೆಗೆ ಹಗ್ಗದಲ್ಲಿ ಬಾಟ್ಲಿ ತೂಗುತ್ತಿತ್ತು. ನನ್ನ ಲೇಬಲ್ಲು ಬಿಸಿಲಿಗೆ ಮಿಂಚುತ್ತಿತ್ತು. "ಬೈಗ್ನಲ್ಲಿ ಉಳಕ್ಕೆ ಸೊಪ್ಪಾಕುದ್ ಮ್ಯಾಕೆ ಕೊಟ್ಗೇಲಿ ಕುಂತ್ಕಂಡು ಕುಡ್ಯಾವ ಅಂತಿದ್ದಿ. ಯಾಕ್ ಸಾ?"

ನಾನು ಕಲ್ಲಿನ ಮೇಲೆ ಕುಳಿತುಬಿಟ್ಟೆ. ಡಾಕ್ಟರು ಹೋಗಿ ಬಾಟ್ಲಿ ಬಿಚ್ಚಿಕೊಂಡು ಬಂದು ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ನಿಂತರು. ಹೇಳಬೇಕಾದವನು ನಾನೇ ಎಂದು ಅದರ ಅರ್ಥ. "ಅಮ್ಮಾ, ಔಷಧಿ ಬದಲಾಗಿತ್ತು. ಇದು ಮೈಗೆ ಹಚ್ಚೋದು, ವಿಷ. ಕುಡಿದಿದ್ರೆ ಜೀವ ಹೋಗ್ತಿತ್ತು. ತಪ್ಪು ನಂದು" ಎಂದೆ. ಕೈ ಮುಗಿದೆನೋ ಇಲ್ಲವೋ ನೆನಪಿಲ್ಲ, ಬಾಟ್ಲಿ ಕೈಯಲ್ಲಿತ್ತು.

ಅವಳು ಬಾಟ್ಲಿಯ ಮೇಲಿನ ಲೇಬಲ್ಲನ್ನು ಬೆರಳಿನಿಂದ ಸವರಿ ನೋಡಿದಳು. ಕಿರುಚಾಡುತ್ತಾಳೆ, ಊರು ಸೇರಿಸುತ್ತಾಳೆ ಎಂದು ನಾನು ಕಾದೆ. ಅವಳು ನಿಧಾನವಾಗಿ, "ಅಲ್ಲ ಸಾ, ಇಷ್ಟ್ ಚೆಂದಾಗ್ ಬರ್ದಿದ್ರಿ. ನನ್ ಸೊಸೆ ಓದುದ್ಲು, ಕೆಮ್ಮಿನ್ ಔಸ್ದಿ ಅಂತ. ದೊಡ್ ಸಾಯೇಬ್ರೂ ಓದುದ್ರು. ಬರ್ದಿರದ ನಂಬ್ದೆ ನಾವ್ ಇನ್ನೇನ್ ನಂಬವ?" ಎಂದಳು. ಅಷ್ಟೇ. ಅದರಲ್ಲಿ ಸಿಟ್ಟು ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಡಾಕ್ಟರು ತಾವು ತಂದಿದ್ದ ಕೆಮ್ಮಿನ ಔಷಧದ ಸಣ್ಣ ಬಾಟ್ಲಿಯನ್ನು ಕೊಟ್ಟರು. ಅವಳು ಅದನ್ನು ಮೂಸಿ, ಅಂಗೈಗೆ ಒಂದು ತೊಟ್ಟು ಹಾಕಿಕೊಂಡು, ಡಾಕ್ಟರ ಮುಂದೆ ಚಾಚಿ, "ಮದ್ಲು ನೀವ್ ನೆಕ್ಕಿ ಸಾ" ಎಂದಳು. ಡಾಕ್ಟರು ಮರುಮಾತಿಲ್ಲದೆ ನೆಕ್ಕಿದರು. ನನಗೆ ತಿಳಿದಂತೆ ಆ ದಿನ ನಡೆದ ಸರಿಯಾದ ಸುರಕ್ಷತಾ ತಪಾಸಣೆ ಎಂದರೆ ಅದೊಂದೇ.

ಹಿಂದಿರುಗಿ ಬರುವಾಗ ಸೈಕಲ್ ತಳ್ಳಿಕೊಂಡೇ ಬಂದೆವು. ಸಂಜೆ ಡಾಕ್ಟರೂ ನಾನೂ ಕೂತು ಒಂದೊಂದೇ ಸೀಸೆ ತೆಗೆದು ಹೊರಗೆ ಬೇವಿನ ಮರದ ಕೆಳಗೆ ಒಯ್ದು ಮೂಸಿದೆವು, ಪರೀಕ್ಷಿಸಿದೆವು. ಬೇರೆ ತಪ್ಪು ಸಿಗಲಿಲ್ಲ. ವಿಷದ ಸೀಸೆಗಳನ್ನು ಬೇರೆ ಪೆಟ್ಟಿಗೆಗೆ ಹಾಕಿ ಬೀಗ ಜಡಿದು ಬೀಗದ ಕೈಯನ್ನು ಅವರೇ ಇಟ್ಟುಕೊಂಡರು. ಮಾರನೆಯ ದಿನ ನಡೆದದ್ದನ್ನೆಲ್ಲ ಒಂದೂ ಬಿಡದೆ ಬರೆದು, ನೀಲಿ ಸೀಸೆ ಬೇಕೆಂದೂ ಸೇರಿಸಿ, ಮೇಲಿನವರಿಗೆ ಕಳಿಸಿದರು. "ನಿಮ್ಮ ಹೆಸರೂ ಬರೆದಿದೀನಿ ರೀ" ಎಂದರು. ನಾನು ಮನೆಯಲ್ಲಿ ಟ್ರಂಕು ಒರೆಸಿಟ್ಟುಕೊಂಡು, ಯಳಂದೂರಿನಲ್ಲಿ ಮಾವನವರ ಅಂಗಡಿಯಲ್ಲಿ ಏನಾದರೂ ಬರೆಯುವ ಕೆಲಸ ಇದ್ದೀತೇ ಎಂದು ಯೋಚಿಸತೊಡಗಿದೆ.

ಎರಡು ತಿಂಗಳ ಮೇಲೆ ಕಾಗದ ಬಂತು. ಡಾಕ್ಟರ ಪತ್ರಕ್ಕೆ ಉತ್ತರವಲ್ಲ. ಆ ಪತ್ರ ಯಾವ ಕಚೇರಿಯ ಯಾವ ಮೇಜಿನ ಮೇಲೆ ಕೂತಿತ್ತೋ ಕಾಣೆ. ಬಂದದ್ದು ತಪಾಸಣೆಯ ವರದಿ. ಈ ಔಷಧಾಲಯದ ಲೇಬಲ್ ಪದ್ಧತಿ ಮಾದರಿಯಾದದ್ದು, ಕಾಂಪೌಂಡರ್ ರಂಗಸ್ವಾಮಿಯವರು ಪ್ರಶಂಸೆಗೆ ಪಾತ್ರರು, ಸುತ್ತಲಿನ ಔಷಧಾಲಯಗಳಿಂದ ಕಾಂಪೌಂಡರುಗಳನ್ನು ಕಳಿಸಿ ಇದನ್ನು ಕಲಿಸತಕ್ಕದ್ದು ಎಂದಿತ್ತು. ಡಾಕ್ಟರು ಅದನ್ನು ಗಟ್ಟಿಯಾಗಿ ಓದಿ, ಮಡಿಸಿ, ನನ್ನ ಕೈಗಿಟ್ಟು, "ಹ್ಞೂಂ" ಎಂದರು.

ಹಾಗೆ ಇಬ್ಬರು ಬಂದರು. ಒಬ್ಬರು ಯಳಂದೂರಿನ ಕಡೆಯವರು, ನನಗಿಂತ ಹಿರಿಯರು. ಇನ್ನೊಬ್ಬರು ಗೋಪಿನಾಥಂ ಆಚೆಯ ಕಾಡಂಚಿನವರು, ಬಾಯಿಗೆ ಕನ್ನಡಕ್ಕಿಂತ ತಮಿಳು ಸಲೀಸು. ಇಬ್ಬರೂ ಹೊಸ ನೋಟ್‌ಬುಕ್ ತಂದಿದ್ದರು, ನನ್ನನ್ನು ಗುರುಗಳೇ ಎಂದು ಕರೆದರು. ಬೆಳಿಗ್ಗೆಯೆಲ್ಲ ಅಕ್ಷರ ಕಲಿಸಿದೆ. ಮಧ್ಯಾಹ್ನದ ಹೊತ್ತಿಗೆ ತಡೆಯಲಾಗಲಿಲ್ಲ, ಹೇಳಿಬಿಡಬೇಕು ಅನ್ನಿಸಿತು. ಆದರೆ ಗುರುಗಳೇ ಎಂದು ಕರೆಸಿಕೊಂಡ ನಾಲ್ಕು ಗಂಟೆಯಲ್ಲಿ ಮನುಷ್ಯ ಎಷ್ಟು ಕೆಡುತ್ತಾನೆ ಎಂಬುದು ಕರೆಸಿಕೊಂಡವರಿಗೇ ಗೊತ್ತು. "ಯಾವುದೋ ಒಂದು ಊರಿನಲ್ಲಿ ಒಬ್ಬ ಕಾಂಪೌಂಡರ್ ಇದ್ದರಂತೆ" ಎಂದು ಶುರುಮಾಡಿದೆ. ಬಾನಿ, ಫಿನಾಯಿಲು, ಇರುವೆ, ನುಗ್ಗೆಮರ, ಎಲ್ಲವನ್ನೂ ಹೇಳಿದೆ. ಬರೆದದ್ದನ್ನು ನಂಬಬೇಡಿ, ಪ್ರತಿ ಸಲವೂ ಬಿರಡೆ ತೆಗೆದು ನೋಡಿ ಎಂದೆ. ಇಬ್ಬರೂ ಬರೆದುಕೊಂಡರು.

ಕಾಡಂಚಿನವರಿಗೆ ಆ ಕಾಂಪೌಂಡರ್ ಮೇಲೆ ಬಹಳ ಕೋಪ ಬಂದಿತ್ತು. "ಅಯ್ಯೋ, ಎಂಥಾ ಆಳ್ ಸಾರ್ ಅದು! ಆಮೇಲೆ ಏನಾಯ್ತು? ಕೆಲಸದಿಂದ ತೆಗೆದು ಮನೇಗೆ ಕಳ್ಸಿಬಿಟ್ರಾ?"

"ಇಲ್ಲ, ಪ್ರಶಂಸೆ ಬಂತಂತೆ. ಈಗ ಬೇರೆ ಬೇರೆ ಊರಿನ ಕಾಂಪೌಂಡರುಗಳನ್ನ ಅವರ ಹತ್ರ ಕಲಿಯೋಕೆ ಕಳಿಸ್ತಾ ಇದಾರಂತೆ" ಎಂದೆ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಳಂದೂರಿನವರ ನಗು ಮೊದಲು ನಿಂತಿತು.